ಮಡಕೆಯ ತರಗತಿಗೆ ಬಂದ ಶಿಲ್ಪ

ಸುಟ್ಟ ಮಣ್ಣಿನ ಚರಿತ್ರೆಯಲ್ಲಿ ಮಡಕೆಗಿಂತ ಮೂರ್ತಿ ಹಳೆಯದು. ಇಂದಿನ ಜೆಕ್ ಗಣರಾಜ್ಯದ ಮೊರಾವಿಯಾ ಪ್ರಾಂತ್ಯದಲ್ಲಿ ದೊಲ್ನಿ ವೆಸ್ಟೊನಿಟ್ಸೆ ಎಂಬ ಹಳ್ಳಿಯಿದೆ. 1925ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಒಲೆಯೊಂದರ ಬೂದಿಯೊಳಗೆ ಎರಡು ತುಂಡಾಗಿದ್ದ ಹೆಣ್ಣಿನ ಮೂರ್ತಿಯೊಂದು ಸಿಕ್ಕಿತು. ಅದರ ಎತ್ತರ 11 ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ವಯಸ್ಸು 25,000 ವರ್ಷಗಳಿಗೂ ಮಿಕ್ಕಿದ್ದು. ಅದೇ ನೆಲೆಯಲ್ಲಿ ಪ್ರಾಣಿಗಳ ಮಣ್ಣಿನ ಬೊಂಬೆಗಳ ಚೂರುಗಳು ಸಾವಿರಗಟ್ಟಲೆ ದೊರೆತಿವೆ. ಈ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕುತೂಹಲದ ಸಂಗತಿಯೊಂದು ಕಂಡಿತು. ಬಹಳಷ್ಟು ಬೊಂಬೆಗಳು ಕೈಜಾರಿ ಒಡೆದಿರಲಿಲ್ಲ, ಬೆಂಕಿಯಲ್ಲೇ ಸಿಡಿದಿದ್ದವು. ಹಸಿ ಆರದ ಮಣ್ಣನ್ನು ಬೇಕೆಂದೇ ಕೆಂಡಕ್ಕೆ ಹಾಕಿ ಸಿಡಿಯುವುದನ್ನು ನೋಡುವ ಆಚರಣೆ ಆ ಜನರಲ್ಲಿ ಇದ್ದಿರಬಹುದೆಂದು ಅವರು ಊಹಿಸಿದರು. ನೀರು ತುಂಬಿಡಲು, ಅಡುಗೆ ಮಾಡಲು ಮಣ್ಣಿನ ಪಾತ್ರೆ ಬಂದದ್ದು ಇದಾದ ಎಷ್ಟೋ ಸಾವಿರ ವರ್ಷಗಳ ಮೇಲೆ. ಈವರೆಗೆ ದೊರೆತಿರುವ ಅತಿ ಹಳೆಯ ಮಡಕೆ ಚೂರುಗಳು ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಶಿಯಾನ್‌ರೆನ್‌ಡಾಂಗ್ ಗುಹೆಯವು. ಅವುಗಳ ಕಾಲ ಈಗಿನಿಂದ ಸುಮಾರು 20,000 ವರ್ಷಗಳ ಹಿಂದೆ.

ಆದರೆ ಮಣ್ಣಿನ ಕೆಲಸ ಶಾಲಾ ಕಾಲೇಜುಗಳ ಪಾಠವಾದಾಗ ಈ ಕ್ರಮ ತಿರುವುಮುರುವಾಯಿತು. ಸೆರಾಮಿಕ್ಸ್ ತರಗತಿಯಲ್ಲಿ ಮೊದಲು ಕಲಿಸಿದ್ದು ಹೂಜಿ, ಬಟ್ಟಲು, ಹೂದಾನಿ. ವಿದ್ಯಾರ್ಥಿಯೊಬ್ಬ ಅದೇ ಮೇಜಿನ ಮೇಲೆ, ಅದೇ ಮಣ್ಣಿನಿಂದ ಮನುಷ್ಯನ ತಲೆಯನ್ನೋ ಕುದುರೆಯನ್ನೋ ಹೆಸರಿಲ್ಲದ ಆಕಾರವನ್ನೋ ಮಾಡಿ ಸುಟ್ಟು, ಇದು ನನ್ನ ಶಿಲ್ಪ ಎಂದು ಹೇಳುವ ಕಾಲ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಇಂದು ಅಮೆರಿಕದ ಯಾವ ಹೈಸ್ಕೂಲಿನಲ್ಲಾದರೂ ಸಹಜವೆನಿಸುವ ಈ ಅಭ್ಯಾಸದ ಹಿಂದೆ ಒಂದು ಮಹಾಯುದ್ಧ, ಒಂದು ಕಾನೂನು, ಒಂದು ನೆಲಮಾಳಿಗೆ, ಒಂದು ತಾತ್ಕಾಲಿಕ ಕಟ್ಟಡ ಇವೆ.

ತರಗತಿಯ ಕಥೆಗೆ ಮೊದಲು ತರಗತಿಗಿಂತ ಹಳೆಯದಾದ ವಿದ್ಯೆಯನ್ನು ನೋಡಬೇಕು. ದೊಡ್ಡ ಮಣ್ಣಿನ ಮೂರ್ತಿಗಳನ್ನು ಮಾಡಿದ ಎಲ್ಲ ನಾಡುಗಳ ಕುಶಲಿಗಳೂ ಕಂಡುಕೊಂಡ ಸತ್ಯ ಒಂದೇ: ಒಳಗೆ ಟೊಳ್ಳು ಇರಬೇಕು. ಹಸಿ ಮಣ್ಣಿನಲ್ಲಿ ನೀರು ಎರಡು ಬಗೆಯಲ್ಲಿ ಸೇರಿರುತ್ತದೆ. ಕಣಗಳ ನಡುವೆ ನಿಂತ ನೀರು ಗಾಳಿಗೆ ಆರುತ್ತದೆ. ಉಳಿದಷ್ಟು ನೀರು ಗೂಡಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಆವಿಯಾಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ದಪ್ಪ ಮಣ್ಣಿನ ನಡುವೆ ಸಿಕ್ಕಿಬಿದ್ದ ಆವಿಗೆ ಹೊರಬರುವ ದಾರಿ ಸಿಗದಿದ್ದರೆ ಮೂರ್ತಿ ಸಿಡಿದು ಚೂರಾಗುತ್ತದೆ, ಪಕ್ಕದಲ್ಲಿಟ್ಟ ಕೆಲಸಗಳನ್ನೂ ಹಾಳುಮಾಡುತ್ತದೆ. ಎರಡನೆಯ ಬಗೆಯ ನೀರು ಮಣ್ಣಿನ ಹರಳಿನೊಳಗೇ ಬೆಸೆದುಕೊಂಡಿರುತ್ತದೆ. ಅದು ಬಿಟ್ಟುಹೋಗುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಅಲ್ಲಿಂದಾಚೆ ಮಣ್ಣು ಮತ್ತೆ ನೀರಿನಲ್ಲಿ ಕರಗದು. 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಹಠಾತ್ತನೆ ಹಿಗ್ಗುತ್ತವೆ, ಗೂಡು ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಒಣಗಿ, ಸುಟ್ಟು ಮುಗಿಯುವ ಹೊತ್ತಿಗೆ ಮಣ್ಣು ಹತ್ತರಲ್ಲೊಂದು ಪಾಲಿನಷ್ಟು ಅಥವಾ ಅದಕ್ಕೂ ಹೆಚ್ಚು ಕಿರಿದಾಗಿರುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ, ಕೂಡಿದ ಜಾಗದಲ್ಲಿ ಬಿರುಕು ಬಿಡುತ್ತದೆ.

ಈ ಲೆಕ್ಕವನ್ನು ಡಿಗ್ರಿಗಳಲ್ಲಿ ಅಳೆಯದೆಯೇ ಬಲ್ಲವರು ಹಿಂದೆ ಬಹಳ ಮಂದಿ ಇದ್ದರು. ಕ್ರಿ.ಪೂ. 210ರ ಸುಮಾರಿಗೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗಾಗಿ ಮಾಡಿದ ಸೈನಿಕರ ಮೂರ್ತಿಗಳ ಮುಂಡ ಟೊಳ್ಳು. ತಲೆಯನ್ನು ಬೇರೆ ಮಾಡಿ ಕೂರಿಸಿದ್ದಾರೆ. ಕ್ರಿ.ಪೂ. 520ರ ಆಸುಪಾಸಿನಲ್ಲಿ ಇಟಲಿಯ ಎಟ್ರುಸ್ಕನ್ನರು ಮಾಡಿದ ಶವಪೆಟ್ಟಿಗೆಯೊಂದರ ಮೇಲೆ ಗಂಡಹೆಂಡತಿ ಒರಗಿ ಕುಳಿತಿದ್ದಾರೆ. ಆಳುದ್ದದ ಆ ಕೃತಿಯನ್ನು ನಾಲ್ಕು ಭಾಗ ಮಾಡಿ ಸುಟ್ಟು ಜೋಡಿಸಲಾಗಿದೆ. ತಮಿಳುನಾಡಿನ ಊರಂಚಿನಲ್ಲಿ ಅಯ್ಯನಾರ್ ದೇವರ ಮುಂದೆ ನಿಲ್ಲುವ, ಆಳೆತ್ತರವನ್ನೂ ಮೀರುವ ಕುದುರೆಗಳನ್ನು ವೇಳಾರ್ ಕುಂಬಾರರು ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಕಟ್ಟುತ್ತಾರೆ. ಕಾಲುಗಳು ನಾಲ್ಕು ಕೊಳವೆಗಳು. ಅವುಗಳ ಮೇಲೆ ಸುರುಳಿ ಸುತ್ತಿ ಹೊಟ್ಟೆ, ಆಮೇಲೆ ಕತ್ತು. ಹೊಟ್ಟು ಬೆಂಕಿಯಲ್ಲಿ ಉರಿದುಹೋಗಿ ಆವಿಗೆ ದಾರಿ ಬಿಡುತ್ತದೆ.

ಕರ್ನಾಟಕದಲ್ಲಿ ಸುಟ್ಟ ಮಣ್ಣಿನ ಮೂರ್ತಿ ಇಂದಿಗೂ ಜನಬಳಕೆಯಲ್ಲಿರುವ ಒಂದು ಜಾಗ ಬೆಳ್ತಂಗಡಿ ತಾಲ್ಲೂಕಿನ ಸುರ್ಯ. ಅಲ್ಲಿನ ಸದಾಶಿವ ರುದ್ರ ದೇವಸ್ಥಾನದಲ್ಲಿ ಹರಕೆ ಸಲ್ಲುವುದು ಮಣ್ಣಿನ ಆಕೃತಿಗಳ ರೂಪದಲ್ಲಿ. ಮನೆ ಕಟ್ಟಬೇಕೆಂದು ಹೇಳಿಕೊಂಡವರು ಮಣ್ಣಿನ ಮನೆಯನ್ನು, ಮಕ್ಕಳಾಗಲೆಂದು ಬೇಡಿಕೊಂಡವರು ಮಗುವನ್ನು ಅಥವಾ ತೊಟ್ಟಿಲನ್ನು, ಕೈಕಾಲಿನ ಬೇನೆ ವಾಸಿಯಾಗಲೆಂದವರು ಕೈಯನ್ನೋ ಕಾಲನ್ನೋ ತಂದೊಪ್ಪಿಸುತ್ತಾರೆ. ಒಪ್ಪಿಸಿದ ಗೊಂಬೆಗಳು ಹರಕೆ ಬನದಲ್ಲಿ ಮಳೆಗೂ ಬಿಸಿಲಿಗೂ ಬಿದ್ದು ರಾಶಿಯಾಗಿವೆ. ಕಲೆಯ ಚರಿತ್ರೆ ಬರೆಯುವವರು ಇಂಥ ಜಾಗಗಳನ್ನು ಜಾನಪದದ ಕೋಣೆಗೆ ತಳ್ಳಿ ಮುಂದೆ ಸಾಗುವುದು ಸರಿಯಲ್ಲ. ಮನುಷ್ಯನಿಗೆ ಹೇಳಿಕೊಳ್ಳಲಾಗದ ಆಸೆಯನ್ನು ಅಂಗೈಯಗಲದ ಆಕಾರವಾಗಿಸಿ ಬೆಂಕಿಗೆ ಕೊಡುವ ಕೆಲಸ ಸುರ್ಯದಲ್ಲಿ ನಡೆದಷ್ಟು ನೇರವಾಗಿ ಬೇರೆಡೆ ನಡೆದಿರುವುದು ಅಪರೂಪ.

ಇಷ್ಟು ಗಟ್ಟಿಯಾದ ಪರಂಪರೆಯಿದ್ದರೂ ಹತ್ತೊಂಬತ್ತನೆಯ ಶತಮಾನದ ಕಲಾಶಾಲೆಗಳಲ್ಲಿ ಸುಟ್ಟ ಮಣ್ಣಿನ ಶಿಲ್ಪಕ್ಕೆ ಸ್ಥಳ ಸಿಗಲಿಲ್ಲ. ಶಿಲ್ಪ ವಿಭಾಗದಲ್ಲಿ ಮಣ್ಣು ಧಾರಾಳವಾಗಿತ್ತು, ಆದರೆ ಅದು ನಡುದಾರಿಯ ವಸ್ತು. ವಿದ್ಯಾರ್ಥಿ ಕಂಬಿಯ ಚೌಕಟ್ಟಿನ ಮೇಲೆ ಮಣ್ಣು ಮೆತ್ತಿ ತಲೆ ತಿದ್ದುತ್ತಿದ್ದ. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದ ಮೇಲೆ ಮಣ್ಣು ಮತ್ತೆ ತೊಟ್ಟಿಗೆ ಹೋಗುತ್ತಿತ್ತು. ಉಳಿಯುತ್ತಿದ್ದುದು ಪ್ಲಾಸ್ಟರ್, ಕಂಚು ಅಥವಾ ಕಲ್ಲು. ಇತ್ತ ಮಡಕೆ ವಿಭಾಗದಲ್ಲಿ ಮಣ್ಣೇ ಅಂತಿಮ ವಸ್ತು, ಆದರೆ ಅಲ್ಲಿ ಪಾತ್ರೆಯನ್ನು ಬಿಟ್ಟು ಬೇರೆ ಮಾಡುವಂತಿರಲಿಲ್ಲ. ಈ ಎರಡು ಕೋಣೆಗಳ ನಡುವಿನ ಗೋಡೆಯೇ ಮುಂದಿನ ಕಥೆಯ ಮುಖ್ಯ ಅಡ್ಡಿ. ಭಾರತದಲ್ಲೂ ಹೀಗೆಯೇ. 1865ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಬಂದ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಇಂಗ್ಲೆಂಡಿನ ಕುಂಬಾರಿಕೆಯ ಪಟ್ಟಣವಾದ ಬರ್ಸ್ಲೆಮ್‌ನಲ್ಲಿ ಕೆಲಸ ಕಲಿತವರು. ಕಥೆಗಾರ ರಡ್ಯಾರ್ಡ್ ಕಿಪ್ಲಿಂಗ್ ಇವರ ಮಗ. ಅವರು ಕಲಿಸಿದ್ದು ಕಟ್ಟಡಗಳ ಅಲಂಕಾರ ಶಿಲ್ಪವನ್ನು. ಮಣ್ಣಿನಲ್ಲಿ ತಿದ್ದಿದ ರೂಪ ಕೊನೆಗೆ ಕಲ್ಲಾಗಿ ಗೋಡೆಯೇರುತ್ತಿತ್ತು.

ಅಮೆರಿಕದಲ್ಲಿ ಸೆರಾಮಿಕ್ಸ್ ಕಾಲೇಜಿನ ಮೆಟ್ಟಿಲು ಹತ್ತಿದ್ದು ಕಲೆಯಾಗಿ ಅಲ್ಲ, ಉದ್ಯಮವಾಗಿ. 1894ರಲ್ಲಿ ಎಡ್ವರ್ಡ್ ಆರ್ಟನ್ ಜೂನಿಯರ್ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಸೆರಾಮಿಕ್ಸ್ ವಿಭಾಗ ತೆರೆದರು. ಇಟ್ಟಿಗೆ, ಚರಂಡಿ ಕೊಳವೆ, ಹೆಂಚುಗಳ ಕಾರ್ಖಾನೆಗಳಿಗೆ ತಿಳಿವಳಿಕೆಯುಳ್ಳ ಎಂಜಿನಿಯರುಗಳನ್ನು ಒದಗಿಸುವುದು ಅದರ ಗುರಿ. ಗೂಡಿನೊಳಗಿನ ಶಾಖವನ್ನು ತಿಳಿಸುವ, ನಿಗದಿತ ಹಂತದಲ್ಲಿ ಬಾಗುವ ಮಣ್ಣಿನ ಪುಟ್ಟ ಶಂಕುಗಳನ್ನು ಅವರು ಅಮೆರಿಕದಲ್ಲಿ ತಯಾರಿಸತೊಡಗಿದರು. ಬರ್ಲಿನ್‌ನಲ್ಲಿ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ್ದ ಉಪಾಯವದು. ಇಂದಿಗೂ ಸೆರಾಮಿಕ್ಸ್ ವಿದ್ಯಾರ್ಥಿ ಗೂಡಿನ ಶಾಖವನ್ನು ಕೋನ್ 6, ಕೋನ್ 10 ಎಂದೇ ಹೇಳುವುದು ಈ ಶಂಕುಗಳ ಎಣಿಕೆಯಿಂದ. 1900ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್‌ಫ್ರೆಡ್‌ನಲ್ಲಿ ಇನ್ನೊಂದು ಶಾಲೆ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಚಾರ್ಲ್ಸ್ ಫರ್ಗಸ್ ಬಿನ್ಸ್ ಇಂಗ್ಲೆಂಡಿನ ರಾಯಲ್ ವೂಸ್ಟರ್ ಪಿಂಗಾಣಿ ಕಾರ್ಖಾನೆಯ ವಾತಾವರಣದಲ್ಲಿ ಬೆಳೆದವರು. 1931ರವರೆಗೆ ಆ ಶಾಲೆಯನ್ನು ನಡೆಸಿ, ಅಮೆರಿಕದ ಒಂದು ಪೀಳಿಗೆಯ ಸೆರಾಮಿಕ್ಸ್ ಅಧ್ಯಾಪಕರನ್ನು ತಯಾರು ಮಾಡಿದರು. ಅವರ ಶಿಸ್ತಿನಲ್ಲಿ ಹೂದಾನಿಯ ರೇಖೆ, ಮೆರುಗಿನ ರಸಾಯನ, ಅಳತೆಯ ಕರಾರುವಾಕ್ಕು ಇವಿದ್ದವು. ಮನಸ್ಸಿಗೆ ಬಂದ ಆಕಾರಕ್ಕೆ ಎಡೆಯಿರಲಿಲ್ಲ.

ಆ ಕಾಲದ ಆದರ್ಶವನ್ನು ಏಡಲೇಡ್ ಆಲ್ಸಪ್ ರಾಬಿನೊ ಅವರ ಒಂದು ಕೃತಿಯಲ್ಲಿ ಕಾಣಬಹುದು. 1910ರಲ್ಲಿ ಸೇಂಟ್ ಲೂಯಿಸ್ ಬಳಿಯ ಯೂನಿವರ್ಸಿಟಿ ಸಿಟಿಯಲ್ಲಿ ಅವರು ಜೀರುಂಡೆಯ ಚಿತ್ತಾರವಿರುವ ಪಿಂಗಾಣಿ ಹೂದಾನಿಯೊಂದನ್ನು ಕೊರೆದರು. ಸಾವಿರ ಗಂಟೆಗಳ ಕೆಲಸವೆಂದು ಅದು ಹೆಸರಾಗಿದೆ. ಗೂಡಿನಿಂದ ತೆಗೆದಾಗ ತಳದಲ್ಲಿ ಬಿರುಕು ಕಂಡಿತು. ಸುತ್ತಲಿದ್ದವರು ಆಸೆ ಬಿಡಲು ಹೇಳಿದರೂ ರಾಬಿನೊ ಬಿರುಕುಗಳಿಗೆ ಪಿಂಗಾಣಿ ಪುಡಿ ತುಂಬಿ, ಮೆರುಗು ಬಳಿದು ಮತ್ತೆ ಸುಟ್ಟರು. ಬಿರುಕು ಮುಚ್ಚಿತು. ಮರುವರ್ಷ ಟುರಿನ್‌ನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರ ಪಿಂಗಾಣಿಗೆ ಅತ್ಯುನ್ನತ ಬಹುಮಾನ ಬಂದಿತು. ಬಿರುಕು ಆಗ ಸೋಲಿನ ಗುರುತು. ಅದನ್ನು ಇಲ್ಲವಾಗಿಸುವುದೇ ಗೆಲುವು. ನಲವತ್ತೈದು ವರ್ಷ ಕಳೆಯುವುದರೊಳಗೆ ಅದೇ ಬಿರುಕನ್ನು ಕಲಾವಿದರು ಬೇಕೆಂದೇ ಉಳಿಸಿಕೊಳ್ಳುವ ಕಾಲ ಬಂತು.

ನಡುವೆ ಒಂದು ಸಣ್ಣ ಅಧ್ಯಾಯವಿದೆ. ವಿಯೆನ್ನಾದ ಕಲಾಶಾಲೆಯಲ್ಲಿ ಮೈಕೇಲ್ ಪೊವೊಲ್ನಿ ಬಣ್ಣಬಣ್ಣದ ಮಣ್ಣಿನ ಆಕೃತಿಗಳನ್ನು ಮಾಡಿಸುತ್ತಿದ್ದರು. ಅವರ ಬಳಿ ಕಲಿತ ವ್ಯಾಲಿ ವೀಸೆಲ್ಟಿಯರ್ ಅಮೆರಿಕಕ್ಕೆ ವಲಸೆ ಬಂದರು. ಒಹಾಯೊದ ವಿಕ್ಟರ್ ಶ್ರೆಕೆಂಗಾಸ್ಟ್ ವಿಯೆನ್ನಾಕ್ಕೆ ಹೋಗಿ ಕಲಿತು ಮರಳಿ ಕ್ಲೀವ್‌ಲೆಂಡಿನಲ್ಲಿ ಪಾಠ ಹೇಳಿದರು. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ವೇಲ್ಯಾಂಡ್ ಗ್ರೆಗರಿ ಒಂದೊಂದೂ ಟನ್ನಿಗಿಂತ ಹೆಚ್ಚು ತೂಗುವ ಮಣ್ಣಿನ ಮೂರ್ತಿಗಳನ್ನು ಕಾರಂಜಿಯ ಸುತ್ತ ನಿಲ್ಲಿಸಿದರು. ಜೇನುಗೂಡಿನ ಕೋಶಗಳಂತೆ ಒಳಗೋಡೆಗಳನ್ನು ಕಟ್ಟುತ್ತ ಮೇಲೇರಿಸುವುದು ಅವರ ಉಪಾಯ. ಕೆಲಸ ದೊಡ್ಡದೇ, ಆದರೆ ಬಹುಪಾಲು ಅಲಂಕಾರದ ಮಟ್ಟದಲ್ಲೇ ನಿಂತಿತು. ಯುದ್ಧ ಬಂದ ಮೇಲೆ ಈ ಧಾರೆ ಸೊರಗಿತು.

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕ ಸರ್ಕಾರ ಮಾಜಿ ಸೈನಿಕರ ನೆರವಿನ ಕಾನೂನು ತಂದಿತು. ಜಿ.ಐ. ಬಿಲ್ ಎಂದು ಹೆಸರಾದ ಅದರ ಆಸರೆಯಲ್ಲಿ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. ಶುಲ್ಕವನ್ನು ಸರ್ಕಾರ ಕೊಡುತ್ತಿದ್ದುದರಿಂದ, ಕಲೆ ಓದುವ ಕನಸೂ ಕಾಣದಿದ್ದ ಮನೆಗಳ ಹುಡುಗರು ಕಲಾ ವಿಭಾಗಗಳಲ್ಲಿ ತುಂಬಿಕೊಂಡರು. ವಿಶ್ವವಿದ್ಯಾಲಯಗಳು ಚಕ್ರ, ಗೂಡು ಕೊಂಡು, ಅಧ್ಯಾಪಕರನ್ನು ಹುಡುಕಬೇಕಾಯಿತು. ಮಣ್ಣಿನ ಶಿಲ್ಪ ತರಗತಿಯೊಳಗೆ ಬರಲು ಯಾವ ಕಲಾತತ್ವಕ್ಕಿಂತಲೂ ಈ ಕಾನೂನೇ ದೊಡ್ಡ ಕಾರಣ. ಕುಂಬಾರನಾದವನು ಮಾಡಿದ್ದನ್ನು ಮಾರಿ ಬದುಕಬೇಕು; ಆದ್ದರಿಂದ ಅವನ ಮಡಕೆ ನೀರು ನಿಲ್ಲಿಸಲೇಬೇಕು. ಕಾಲೇಜಿನಲ್ಲಿ ಸಂಬಳ ಪಡೆಯುವ ಅಧ್ಯಾಪಕನಿಗೂ ವಿದ್ಯಾರ್ಥಿವೇತನದಲ್ಲಿ ಕಲಿಯುವ ಯುವಕನಿಗೂ ಆ ಕಟ್ಟಿಲ್ಲ.

ಹಾಗೆ ಬಂದವರಲ್ಲಿ ಪೀಟರ್ ವೌಲ್ಕಸ್ ಒಬ್ಬರು. 1924ರಲ್ಲಿ ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ, ಗ್ರೀಸಿನಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದವರು. ಯುದ್ಧದಲ್ಲಿ ಪೆಸಿಫಿಕ್ ಕಡೆ ವಾಯುಪಡೆಯಲ್ಲಿದ್ದು ಊರಿಗೆ ಮರಳಿ ಚಿತ್ರಕಲೆ ಓದುತ್ತಿದ್ದಾಗ, ಪದವಿಗೆ ಬೇಕೆಂಬ ಕಾರಣಕ್ಕೆ ಫ್ರಾನ್ಸೆಸ್ ಸೆನ್‌ಸ್ಕಾ ಅವರ ಸೆರಾಮಿಕ್ಸ್ ತರಗತಿಗೆ ಸೇರಿದರು. ಕೈ ಮಣ್ಣಿಗೆ ಬಿದ್ದದ್ದೇ ತಡ, ಉಳಿದದ್ದೆಲ್ಲ ಹಿಂದೆ ಸರಿಯಿತು. ಹೆಲೆನಾ ಪಟ್ಟಣದ ಇಟ್ಟಿಗೆ ಕಾರ್ಖಾನೆಯ ಆವರಣದಲ್ಲಿ 1951ರಲ್ಲಿ ಆರಂಭವಾದ ಆರ್ಚಿ ಬ್ರೇ ಪ್ರತಿಷ್ಠಾನದಲ್ಲಿ ಅವರೂ ಗೆಳೆಯ ರೂಡಿ ಓಟಿಯೊ ಅವರೂ ಕೆಲಸ ಮಾಡಿದರು. 1952ರ ಕೊನೆಗೆ ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್, ಜಪಾನಿನ ಕುಂಬಾರ ಶೋಜಿ ಹಮಾಡಾ, ಜನಪದ ಕರಕುಶಲದ ಚಿಂತಕ ಸೊಯೆತ್ಸು ಯಾನಗಿ ಆ ಜಾಗಕ್ಕೆ ಬಂದರು. ಹಮಾಡಾ ಚಕ್ರದ ಮುಂದೆ ಕುಳಿತು ಲೆಕ್ಕಾಚಾರದ ಆತಂಕವಿಲ್ಲದೆ ಮಣ್ಣನ್ನು ಎಬ್ಬಿಸುತ್ತಿದ್ದುದು ವೌಲ್ಕಸ್ ಮನಸ್ಸಿನಲ್ಲಿ ಉಳಿಯಿತು. ಮರುವರ್ಷದ ಬೇಸಿಗೆಯಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಹೇಳಲು ಹೋದಾಗ ಸಂಗೀತಗಾರ ಜಾನ್ ಕೇಜ್, ನೃತ್ಯಗಾರ ಮರ್ಸ್ ಕನಿಂಗ್‌ಹ್ಯಾಮ್ ಅವರ ಒಡನಾಟ ಸಿಕ್ಕಿತು. ನ್ಯೂಯಾರ್ಕಿನ ಹೊಸ ಅಮೂರ್ತ ಚಿತ್ರಗಳನ್ನೂ ಕಂಡರು.

1954ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಕಲಾಸಂಸ್ಥೆಯ ಮುಖ್ಯಸ್ಥ ಮಿಲಾರ್ಡ್ ಶೀಟ್ಸ್ ವೌಲ್ಕಸ್ ಅವರನ್ನು ಅಲ್ಲಿಗೆ ಕರೆಸಿಕೊಂಡರು. ಮುಂದೆ ಓಟಿಸ್ ಎಂದು ಹೆಸರಾದ ಸಂಸ್ಥೆಯದು. ಸೆರಾಮಿಕ್ಸ್ ವಿಭಾಗ ನಡೆದದ್ದು ನೆಲಮಾಳಿಗೆಯಲ್ಲಿ. ಮೊದಲ ವಿದ್ಯಾರ್ಥಿ ಪಾಲ್ ಸೋಲ್ಡ್‌ನರ್. ಬಳಿಕ ಜಾನ್ ಮೇಸನ್, ಕೆನ್ ಪ್ರೈಸ್, ಬಿಲ್ಲಿ ಆಲ್ ಬೆಂಗ್‌ಸ್ಟನ್, ಜೆರ್ರಿ ರಾತ್‌ಮನ್, ಹೆನ್ರಿ ಟಾಕೆಮೊಟೊ, ಮೈಕೇಲ್ ಫ್ರಿಮ್‌ಕೆಸ್ ಸೇರಿಕೊಂಡರು. ಅಲ್ಲಿ ಪಾಠಪಟ್ಟಿ ಎನ್ನುವಂಥದು ಹೆಚ್ಚೇನೂ ಇರಲಿಲ್ಲ. ಅಧ್ಯಾಪಕ ವಿದ್ಯಾರ್ಥಿಗಳ ನಡುವೆ ನಿಂತು ತನ್ನ ಕೆಲಸ ತಾನು ಮಾಡುತ್ತಿದ್ದ. ರಾತ್ರಿಗಳೂ ಅಲ್ಲೇ ಕಳೆಯುತ್ತಿದ್ದವು. ನೋಡುವುದೇ ಪಾಠ. ವೌಲ್ಕಸ್ ಚಕ್ರದ ಮೇಲೆ ಸಿಲಿಂಡರುಗಳನ್ನು ಎಬ್ಬಿಸಿ, ಅವು ತುಸು ಬಿಗಿದ ಮೇಲೆ ಒಂದರ ಮೇಲೊಂದು ಪೇರಿಸಿ, ತಟ್ಟಿ, ಸೀಳಿ, ತೂತು ಕೊರೆದು ಗೋಪುರದಂಥ ರೂಪಗಳನ್ನು ಕಟ್ಟಿದರು. 1956ರ ‘ರಾಕಿಂಗ್ ಪಾಟ್’ ಮೈತುಂಬ ತೂತುಗಳಿರುವ, ತೊಟ್ಟಿಲಿಗೆ ಇರುವಂಥ ಬಾಗುಕಾಲುಗಳ ಮೇಲೆ ನಿಂತ ಪಾತ್ರೆ. ಅದರಲ್ಲಿ ಏನನ್ನೂ ತುಂಬಲಾಗದು. ಚಕ್ರ ಕಲಿಸಿದ ಕೈಚಳಕ ಅಷ್ಟೂ ಅದರಲ್ಲಿದೆ, ಚಕ್ರದ ಉಪಯೋಗ ಮಾತ್ರ ಇಲ್ಲ. ಮಡಕೆಯ ವಿದ್ಯೆಯನ್ನು ಕೈಬಿಡದೆ ಮಡಕೆಯನ್ನು ದಾಟಿದ್ದು ಇವರ ಹೆಚ್ಚುಗಾರಿಕೆ. 1959ರಲ್ಲಿ ಜಾನ್ ಮೇಸನ್ ಇಪ್ಪತ್ತು ಅಡಿ ಮೀರಿದ ನೀಲಿ ಗೋಡೆಯನ್ನು ಮಣ್ಣಿನಲ್ಲೇ ಮಾಡಿದರು. ನೆಲದ ಮೇಲೆ ಮಣ್ಣನ್ನು ಅಪ್ಪಳಿಸಿ ಹರಡಿ, ತುಂಡುಗಳಾಗಿ ಕತ್ತರಿಸಿ ಸುಟ್ಟು, ಮತ್ತೆ ಗೋಡೆಗೆ ಜೋಡಿಸಿದ ಕೃತಿ. ಮೆರುಗಿನಲ್ಲಿ ಬಿರುಕು, ಸುಕ್ಕು, ಬೆರಳಗುರುತು ಹಾಗೆಯೇ ಉಳಿದವು.

ಸಂಸ್ಥೆಯ ಮುಖ್ಯಸ್ಥರಿಗೆ ಈ ಕೆಲಸ ರುಚಿಸಲಿಲ್ಲ. ಮನಸ್ತಾಪ ಬೆಳೆದು 1959ರಲ್ಲಿ ವೌಲ್ಕಸ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. 1961ರಲ್ಲಿ ರೋಸ್ ಸ್ಲಿವ್ಕಾ ‘ಕ್ರಾಫ್ಟ್ ಹೊರೈಜನ್ಸ್’ ಪತ್ರಿಕೆಯಲ್ಲಿ ಈ ಹೊಸ ಕೆಲಸವನ್ನು ಎತ್ತಿಹಿಡಿದು ಲೇಖನ ಬರೆದಾಗ ಸಿಟ್ಟಿನ ಓದುಗರಿಂದ ಪತ್ರಗಳು ಬಂದವು. ಉಪಯೋಗಕ್ಕೆ ಬಾರದ ಮಡಕೆಯನ್ನು ಮಡಕೆಯೆಂದು ಕರೆಯುವುದು ಹಲವು ಕುಂಬಾರರಿಗೆ ನುಂಗಲಾರದ ತುತ್ತಾಯಿತು. ಆ ಕುಂಬಾರರ ಬೇಸರವನ್ನು ಹಗುರವಾಗಿ ಕಾಣಬಾರದು. ಬಟ್ಟಲಿನ ತುಟಿಯನ್ನು ತಿದ್ದಲು ಬದುಕಿಡೀ ಮೀಸಲಿಟ್ಟವರಿಗೆ ಆ ವಿದ್ಯೆಯೇ ಅನಾದರಕ್ಕೆ ಒಳಗಾಗುತ್ತಿದೆ ಎನ್ನಿಸಿದ್ದು ಸಹಜ.

ವಿಚಿತ್ರವೆಂದರೆ ಅದೇ 1954ರಲ್ಲಿ, ಈ ನೆಲಮಾಳಿಗೆಗೆ ಸಂಬಂಧವೇ ಇಲ್ಲದೆ, ಜಪಾನಿನ ಕ್ಯೋಟೊ ನಗರದಲ್ಲೂ ಇಂಥದೇ ಹೆಜ್ಜೆ ಬಿತ್ತು. ಯಾಗಿ ಕಾಜುಓ ಕುಂಬಾರ ಮನೆತನದವರು. ಗೆಳೆಯರೊಂದಿಗೆ 1948ರಲ್ಲಿ ಸೊಡೈಶಾ ಎಂಬ ಕೂಟ ಕಟ್ಟಿದ್ದರು. ಚಕ್ರದ ಮೇಲೆ ಮಾಡಿದ ದೊಡ್ಡ ಉಂಗುರವನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಕೊಳವೆಕಾಲುಗಳನ್ನು ಅಂಟಿಸಿ, ಕಾಫ್ಕಾನ ಕಥೆಯ ಹುಳುವಾದ ಮನುಷ್ಯನ ನೆನಪಿನಲ್ಲಿ ‘ಸಾಮ್ಸಾ ಅವರ ಅಡ್ಡಾಟ’ ಎಂದು ಹೆಸರಿಟ್ಟರು. ಲಾಸ್ ಏಂಜಲೀಸಿನಲ್ಲಿ ಕಾಲೇಜು ಕೊಟ್ಟ ಬಿಡುಗಡೆಯನ್ನು ಕ್ಯೋಟೊದಲ್ಲಿ ಕುಂಬಾರರ ಮಗ ಮನೆಯೊಳಗಿದ್ದೇ ಪಡೆದುಕೊಂಡ.

ತರಗತಿಯ ಕೆಲಸಕ್ಕೆ ಇಂದಿನ ಮುಖ ಬಂದದ್ದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ. ರಾಬರ್ಟ್ ಆರ್ನೆಸನ್ 1930ರಲ್ಲಿ ಬೆನೀಷಿಯಾ ಊರಿನಲ್ಲಿ ಹುಟ್ಟಿದರು. ಹೈಸ್ಕೂಲಿನಲ್ಲಿ ಕಲಾ ಮೇಷ್ಟರಾಗಿದ್ದಾಗ ಸೆರಾಮಿಕ್ಸ್ ಹೇಳಿಕೊಡಬೇಕಾಗಿ ಬಂದು, ಕಲಿಸುವ ಸಲುವಾಗಿಯೇ ಅದನ್ನು ಕಲಿತವರು ಅವರು. 1961ರಲ್ಲಿ ರಾಜ್ಯದ ಮೇಳವೊಂದರಲ್ಲಿ ಜನರೆದುರು ಚಕ್ರ ತಿರುಗಿಸಿ ತೋರಿಸುತ್ತಿದ್ದಾಗ ಒಂದು ಸೀಸೆ ಮಾಡಿ, ಅದರ ಬಾಯಿಗೆ ಮಣ್ಣಿನದೇ ಮುಚ್ಚಳ ಒತ್ತಿ, ತಂಪು ಪಾನೀಯದ ಸೀಸೆಗಳ ಮೇಲಿರುವ ‘ಠೇವಣಿಯಿಲ್ಲ, ವಾಪಸಿಲ್ಲ’ ಎಂಬ ಅರ್ಥದ ಒಕ್ಕಣೆ ಬರೆದರು. ಮುಚ್ಚಿದ ಸೀಸೆಯಲ್ಲಿ ಇನ್ನೇನೂ ತುಂಬಲಾಗದು. ಆ ಕ್ಷಣಕ್ಕೆ ಅದು ಶಿಲ್ಪವಾಯಿತು. 1962ರಿಂದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಅವರು ಪಾಠ ಹೇಳಿದ್ದು ಟಿಬಿ-9 ಎಂಬ ತಗಡಿನ ತಾತ್ಕಾಲಿಕ ಕಟ್ಟಡದಲ್ಲಿ. ಡೇವಿಡ್ ಗಿಲ್‌ಹೂಲಿ, ರಿಚರ್ಡ್ ಶಾ, ಪೀಟರ್ ವಾಂಡನ್‌ಬರ್ಗ್, ಆಸ್ಟ್ರೇಲಿಯಾದ ಮಾರ್ಗರೆಟ್ ಡಾಡ್ ಅಲ್ಲಿ ಕಲಿತವರು.

ಡೇವಿಸ್‌ನ ವಿದ್ಯಾರ್ಥಿಗಳು ಉನ್ನತ ಶಾಖದ ಗಂಭೀರ ಕಂದು ಮಣ್ಣನ್ನು ಬಿಟ್ಟು, ಕಡಿಮೆ ಶಾಖದ ಬಿಳಿ ಮಣ್ಣನ್ನೂ ಅಂಗಡಿಯಲ್ಲಿ ಡಬ್ಬಿಗಳಲ್ಲಿ ಸಿಗುವ ಉಜ್ವಲ ಬಣ್ಣಗಳನ್ನೂ ಬಳಸಿದರು. ಟೈಪ್‌ರೈಟರ್, ಟೆಲಿಫೋನ್, ಕಪ್ಪೆ, ತಿಂಡಿ, ಸ್ವಂತ ಮುಖ ಎಲ್ಲವೂ ಮಣ್ಣಾಗಬಹುದಾಗಿತ್ತು. ಇವತ್ತಿನ ಶಾಲೆಯ ಗೂಡಿನಿಂದ ಹೊರಬರುವ ಶೂ, ಹ್ಯಾಂಬರ್ಗರ್, ತೆರೆದ ಬಾಯಿಯ ತಲೆ ಎಲ್ಲವುಗಳ ವಂಶಾವಳಿ ಈ ತಗಡಿನ ಕೊಠಡಿಗೆ ಹೋಗಿ ಸೇರುತ್ತದೆ. ವಸ್ತು ಹಗುರವಾದರೂ ಆರ್ನೆಸನ್ ಅವರ ಕಾಳಜಿ ಹಗುರವಾಗಿರಲಿಲ್ಲ. 1978ರಲ್ಲಿ ಕೊಲೆಯಾದ ಸ್ಯಾನ್ ಫ್ರಾನ್ಸಿಸ್ಕೊ ಮೇಯರ್ ಜಾರ್ಜ್ ಮೊಸ್ಕೋನಿ ಅವರ ತಲೆಯನ್ನು 1981ರಲ್ಲಿ ನಗರಕ್ಕಾಗಿ ಮಾಡಿಕೊಟ್ಟರು. ಮುಖ ನಗುತ್ತಿತ್ತು, ಪೀಠದ ಮೇಲೆ ಗುಂಡೇಟಿನ ಗುರುತುಗಳೂ ಕೊಲೆಯ ವಿಚಾರಣೆಯನ್ನು ನೆನಪಿಸುವ ಬರಹಗಳೂ ಇದ್ದವು. ನಗರ ಅದನ್ನು ತಿರಸ್ಕರಿಸಿತು. ಆ ಕೃತಿ ಈಗ ಅದೇ ನಗರದ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿದೆ.

ಓಕ್‌ಲೆಂಡಿನಲ್ಲಿ ಪಾಠ ಹೇಳುತ್ತಿದ್ದ ವಯೋಲಾ ಫ್ರೇ ಹತ್ತು ಅಡಿ ಎತ್ತರದ ಗಂಡು ಹೆಣ್ಣುಗಳನ್ನು ಮಣ್ಣಿನಲ್ಲಿ ನಿಲ್ಲಿಸಿದರು. ಇಡಿಯಾಗಿ ಕಟ್ಟಿ, ತುಂಡುಗಳಾಗಿ ಕೊಯ್ದು ಸುಟ್ಟು, ಮತ್ತೆ ಪೇರಿಸಿದ ಮೂರ್ತಿಗಳಿವು. ಪ್ರಿನ್ಸ್‌ಟನ್‌ನಲ್ಲಿ ಕಲಿಸಿದ ತೋಷಿಕೊ ಟಾಕೇಜು ಬಾಯಿ ಮುಚ್ಚಿದ ದುಂಡು ರೂಪಗಳನ್ನು ಮಾಡಿದರು. ಓಟಿಸ್, ಬರ್ಕ್ಲಿ, ಡೇವಿಸ್‌ಗಳಲ್ಲಿ ಕಲಿತವರು ದೇಶದಾದ್ಯಂತ ಅಧ್ಯಾಪಕರಾದರು, ಅವರ ವಿದ್ಯಾರ್ಥಿಗಳು ಹೈಸ್ಕೂಲುಗಳಿಗೆ ಹೋದರು. ವಿದ್ಯುತ್ ಗೂಡು ಬಂದು ಶಾಲೆಯ ಮೂಲೆಯಲ್ಲಿ ಹೊಗೆಯಿಲ್ಲದೆ ಸುಡುವುದು ಸಾಧ್ಯವಾಯಿತು.

ಹೀಗೆ ರೂಪುಗೊಂಡ ಪಾಠಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲು ಹೆಬ್ಬೆರಳಿನಿಂದ ಗುಳಿ ಒತ್ತಿ ಮಾಡಿದ ಪುಟ್ಟ ಬಟ್ಟಲು. ಅಂಥ ಎರಡು ಬಟ್ಟಲುಗಳನ್ನು ಕೂಡಿಸಿದರೆ ಟೊಳ್ಳು ಗೋಳ, ಅದರಿಂದ ಹಕ್ಕಿ ಅಥವಾ ಮೀನು. ಆಮೇಲೆ ಸುರುಳಿ ಸುತ್ತಿ ಏರಿಸಿದ ಗೋಡೆ, ಲಟ್ಟಿಸಿದ ಹಾಳೆಗಳಿಂದ ಪೆಟ್ಟಿಗೆ, ಕೊನೆಗೆ ತಲೆ. ಕೂಡಿಸುವ ಜಾಗವನ್ನು ಗೀರಿ, ತಿಳಿಗೆಸರು ಹಚ್ಚಿ ಒತ್ತಬೇಕು. ಇಲ್ಲವಾದರೆ ಕಿವಿ ಮೂಗು ಒಣಗುವಾಗಲೇ ಕಳಚುತ್ತವೆ. ಗಟ್ಟಿಯಾಗಿ ತಿದ್ದಿದ ತಲೆಯನ್ನು ಉಗುರಿನ ಗುರುತು ಬೀಳುವ ಹದದಲ್ಲಿ ಕೊಯ್ದು, ಒಳಗನ್ನು ಕೆರೆದು ತೆಗೆದು, ಮತ್ತೆ ಬೆಸೆದು, ಕಾಣದ ಕಡೆ ಆವಿಗಾಗಿ ತೂತು ಬಿಡಬೇಕು. ದೊಡ್ಡ ಕೆಲಸದ ಮಣ್ಣಿಗೆ ಸುಟ್ಟ ಮಣ್ಣಿನ ಪುಡಿ ಬೆರೆಸುವುದು ವಾಡಿಕೆ. ವೇಳಾರ್ ಕುಂಬಾರರ ಹೊಟ್ಟು ಆವಿಗೆ ದಾರಿ ಬಿಡುವ ಕೆಲಸವನ್ನೇ ಇದೂ ಮಾಡುತ್ತದೆ, ಕುಗ್ಗುವಿಕೆಯನ್ನೂ ತಗ್ಗಿಸುತ್ತದೆ. ಪ್ಲಾಸ್ಟಿಕ್ ಹಾಳೆಯಡಿ ವಾರಗಟ್ಟಲೆ ನಿಧಾನವಾಗಿ ಒಣಗಿಸಿ, ಒಮ್ಮೆ ಸುಟ್ಟು, ಮೆರುಗು ಬಳಿದು ಎರಡನೆಯ ಸಲ ಸುಡಬೇಕು. ಬಳಿಯುವಾಗ ಮಂಕಾಗಿ ಕಾಣುವ ಮೆರುಗು ಯಾವ ಬಣ್ಣಕ್ಕೆ ತಿರುಗೀತೆಂದು ಗೂಡು ತೆರೆಯುವವರೆಗೆ ಪೂರ್ತಿ ತಿಳಿಯದು. ಚಿತ್ರ ಬಿಡಿಸುವ ವಿದ್ಯಾರ್ಥಿಗೆ ಪ್ರತಿ ಕ್ಷಣವೂ ತನ್ನ ಕೆಲಸ ಕಣ್ಣೆದುರಿಗಿರುತ್ತದೆ. ಮಣ್ಣಿನ ವಿದ್ಯಾರ್ಥಿ ಕೊನೆಯ ಹಂತವನ್ನು ಬೆಂಕಿಗೆ ಒಪ್ಪಿಸಿ ಕಾಯಬೇಕಾಗುತ್ತದೆ. ಈ ಕಾಯುವಿಕೆಯೇ ಉಳಿದ ಕಲಾಪಾಠಗಳಿಗಿಂತ ಇದನ್ನು ಬೇರೆಯಾಗಿಸುತ್ತದೆ.

ಮಾಡಿದ್ದರ ಬಗ್ಗೆ ವಿದ್ಯಾರ್ಥಿ ಯೋಚಿಸಿ ಬರೆಯುವುದೂ ಈಗ ಪಾಠದ ಅಂಗ. ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳು ಕಾಲೇಜು ಮಟ್ಟದ ಮಾನ್ಯತೆಗಾಗಿ ಸಲ್ಲಿಸುವ ಎ.ಪಿ. ಕಲಾಸಂಪುಟಗಳಲ್ಲಿ, 2019–20ರಿಂದ ಜಾರಿಗೆ ಬಂದ ಕ್ರಮದಂತೆ, ಕೃತಿಗಳ ಚಿತ್ರಗಳೊಂದಿಗೆ ಯಾವ ಪ್ರಶ್ನೆಯನ್ನು ಹಿಂಬಾಲಿಸಲಾಯಿತು, ಪ್ರಯೋಗ ಮತ್ತು ತಿದ್ದುಪಡಿಗಳು ಹೇಗೆ ನಡೆದವು ಎಂಬ ಬರಹವೂ ಇರಬೇಕು. ಮಣ್ಣಿನ ಕೆಲಸದಲ್ಲಿ ಇಂಥ ಬರಹಕ್ಕೆ ನಿಜವಾದ ಉಪಯೋಗವಿದೆ: ಸುಟ್ಟ ಮೇಲೆ ತಿದ್ದಲಾಗದ್ದನ್ನು ಮುಂದಿನ ಮೂರ್ತಿಯಲ್ಲಿ ತಿದ್ದಿಕೊಳ್ಳಬೇಕಾದರೆ ಹಿಂದಿನದರಲ್ಲಿ ಏನು ನಡೆಯಿತೆಂಬ ನೆನಪು ಕರಾರುವಾಕ್ಕಾಗಿರಬೇಕು.

ಭಾರತದಲ್ಲಿ ಮಣ್ಣಿನ ಶಿಲ್ಪ ಕಲಾಶಾಲೆಗೆ ಮರಳಿದ್ದು ಹಲವು ದಾರಿಗಳಲ್ಲಿ. ಬರೋಡಾದಲ್ಲಿ 1950ರಲ್ಲಿ ಆರಂಭವಾದ ಲಲಿತಕಲಾ ವಿಭಾಗದಲ್ಲಿ ಶಂಖೊ ಚೌಧುರಿ ಶಿಲ್ಪ ಕಲಿಸಿದರು, ಇರಾ ಚೌಧುರಿ ಮಡಕೆ ಕೆಲಸ ಕಲಿಸಿದರು. ಅಲ್ಲಿ ಓದಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸೆರಾಮಿಕ್ಸ್ ಅಭ್ಯಾಸ ಮಾಡಿ ಮರಳಿದ ಜ್ಯೋತ್ಸ್ನಾ ಭಟ್ ಬರೋಡಾದಲ್ಲೇ ವರ್ಷಗಟ್ಟಲೆ ಪಾಠ ಹೇಳಿದರು. ಅವರ ಬೆಕ್ಕು, ಗೂಬೆ, ಕಪ್ಪೆಗಳು ಸಣ್ಣ ಗಾತ್ರದವು, ಆದರೆ ಒಂದು ಗೆರೆಯೂ ಹೆಚ್ಚಿಲ್ಲದ ರೂಪಗಳು. ಕೆ.ಜಿ. ಸುಬ್ರಹ್ಮಣ್ಯನ್ 1963ರಲ್ಲಿ ಲಖನೌದ ರವೀಂದ್ರಾಲಯದ ಹೊರಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆಗಳ ದೊಡ್ಡ ಭಿತ್ತಿಶಿಲ್ಪ ಮಾಡಿದರು. ಹರಪ್ಪ ನಾಗರಿಕತೆಯ ಲೋಥಲ್ ನೆಲದಲ್ಲೇ ಹುಟ್ಟಿದ ಹಿಮ್ಮತ್ ಶಾ ದೆಹಲಿಯ ಗಢೀ ಸ್ಟುಡಿಯೋದಲ್ಲಿ ವರ್ಷಗಳ ಕಾಲ ಮಣ್ಣಿನ ತಲೆಗಳನ್ನು ಮಾಡಿದರು. ಕಣ್ಣು ಮೂಗುಗಳಿಗಿಂತ ಮೌನವೇ ಹೆಚ್ಚು ಕಾಣುವ ಆ ತಲೆಗಳು ಈ ದೇಶದ ಸುಟ್ಟ ಮಣ್ಣಿನ ಆಧುನಿಕ ಶಿಲ್ಪಗಳಲ್ಲಿ ಶ್ರೇಷ್ಠವಾದವು.

ಕ್ಯಾಲಿಫೋರ್ನಿಯಾದ ತರಗತಿಗೂ ದಕ್ಷಿಣ ಭಾರತಕ್ಕೂ ನೇರ ನಂಟು ಬೆಸೆದದ್ದು ಪುದುಚೇರಿಯಲ್ಲಿ. ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೂಸನ್ ಪೀಟರ್ಸನ್ ಅವರ ವಿಭಾಗದಿಂದ ಬಂದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದರು. ಡೆಬೊರಾ ಅದಕ್ಕೆ ಮೊದಲು ಜಪಾನಿನ ಬಿಜೆನ್‌ನಲ್ಲಿ ಕೆಲಸ ಮಾಡಿದ್ದವರು. ಸ್ಥಳೀಯ ಕೆಲಸಗಾರರೊಂದಿಗೆ, ಗಾಳಿಮರದ ಸೌದೆಯಿಂದ ಸುಟ್ಟ ಊಟದ ತಟ್ಟೆ ಬಟ್ಟಲುಗಳು ಅಲ್ಲಿಂದ ಹೊರಬಂದವು. ವಾಸ್ತುಶಿಲ್ಪವನ್ನೂ ಓದಿದ್ದ ಮೀಕರ್ 1980ರ ದಶಕದಲ್ಲಿ ಹಸಿ ಇಟ್ಟಿಗೆಯಿಂದ ಮನೆ ಕಟ್ಟಿ, ಒಳಗೆ ಇಟ್ಟಿಗೆ ಮಡಕೆಗಳನ್ನು ತುಂಬಿ, ಇಡೀ ಮನೆಯನ್ನೇ ಗೂಡಾಗಿ ಸುಡುವ ಪ್ರಯೋಗಕ್ಕೆ ತೊಡಗಿದರು. ಆಮೇಲೆ ಅವರು ಮಾಡಿದ ದೊಡ್ಡ ಶಿಲ್ಪಗಳಲ್ಲಿ ಆ ಅನುಭವ ಹಾಸುಹೊಕ್ಕಾಗಿದೆ. ಅಯ್ಯನಾರ್ ಕುದುರೆಗಳು ನಿಂತ ಊರುಗಳು ಅಲ್ಲಿಂದ ದೂರವಿಲ್ಲ. ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬಂದು ತಿಂಗಳುಗಟ್ಟಲೆ ಅಲ್ಲಿದ್ದು ಚಕ್ರ ಕಲಿತರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಪಾತ್ರೆ ಬಿಟ್ಟು ಶಿಲ್ಪಕ್ಕೆ ಹೊರಳಿದರು.

2018ರಲ್ಲಿ ಜೈಪುರದ ಜವಾಹರ ಕಲಾಕೇಂದ್ರದಲ್ಲಿ ನಡೆದ ಮೊದಲ ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕ ಪ್ರದರ್ಶನದ ಸಂಘಟಕರಲ್ಲಿ ಹಲವರು ಪುದುಚೇರಿಯಲ್ಲಿ ಕಲಿತವರು. ಕೋಣೆ ತುಂಬುವ ಮಣ್ಣಿನ ರಚನೆಗಳು, ಸುಡದ ಹಸಿ ಮಣ್ಣಿನ ಕೃತಿಗಳು ಆ ಪ್ರದರ್ಶನದಲ್ಲಿದ್ದವು. ಎರಡನೆಯದು 2024ರಲ್ಲಿ ದೆಹಲಿಯಲ್ಲಿ ನಡೆಯಿತು.